ಅಭಿನಯದ ಪ್ರಣಯವೂ ಪಾತ್ರಧಾರಿಯ ಮರ್ಯಾದೆಯೂ

ನವರಸಗಳಲ್ಲಿ ಶೃಂಗಾರವನ್ನು ರಸರಾಜನೆಂದು ಕರೆಯುವುದು ಬಹುಕಾಲದ ರೂಢಿ. ವೀರವನ್ನು ಅಭಿನಯಿಸುವವನು ಎದುರಾಳಿಯ ತಲೆಯನ್ನು ನಿಜವಾಗಿ ಉರುಳಿಸಬೇಕಾಗಿಲ್ಲ. ಕರುಣವನ್ನು ಅಭಿನಯಿಸುವವಳ ಮನೆಯಲ್ಲಿ ನಿಜವಾಗಿ ಸಾವು ಸಂಭವಿಸಬೇಕಾಗಿಲ್ಲ. ಇದನ್ನು ಎಲ್ಲರೂ ಬಲ್ಲರು. ಶೃಂಗಾರದ ಪ್ರಸಂಗ ಬಂದಾಗ ಮಾತ್ರ ಬಲ್ಲವರೂ ಮರೆಯುವುದುಂಟು. ರಂಗದ ಮೇಲೆ ‘ಪ್ರಿಯೆ’ ಎಂದು ಕರೆದವನು ಪರದೆಯ ಹಿಂದೆಯೂ ಅದೇ ಸಲಿಗೆಯಿಂದ ನಡೆದುಕೊಳ್ಳಬಹುದೆಂದು ಭಾವಿಸುವನು. ನೋಡಿದ ಜನರೂ ಅವರಿಬ್ಬರ ನಡುವೆ ಏನೋ ಇದ್ದೀತೆಂದು ಊಹಿಸುವರು. ಪಾತ್ರದ ಪ್ರಣಯಕ್ಕೂ ಪಾತ್ರಧಾರಿಯ ಶರೀರಮನಸ್ಸುಗಳಿಗೂ ನಡುವೆ ಇರತಕ್ಕ ಎಲ್ಲೆ ಯಾವುದು, ಅದನ್ನು ಕಾಯತಕ್ಕವರು ಯಾರು, ಎಂಬುದೇ ಪ್ರಕೃತ ವಿಚಾರ.

ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಇದು ಬರಿಯ ಶಾಸ್ತ್ರಚರ್ಚೆಯಾಗಿ ಉಳಿದಿಲ್ಲ. ಕೊಕ್ಕರೆ ಬೆಳ್ಳೂರಿನ ಸುತ್ತಣ ಗ್ರಾಮಗಳಲ್ಲಿ ಸುಗ್ಗಿ ಮುಗಿದು ಹಬ್ಬ ಜಾತ್ರೆಗಳ ಕಾಲ ಬಂತೆಂದರೆ ಪೌರಾಣಿಕ ನಾಟಕಗಳ ಕಾಲವೂ ಬಂತೆಂದು ತಿಳಿಯಬೇಕು. ಗುಬ್ಬಿ ವೀರಣ್ಣನವರ ಕಂಪನಿಯು 1934ರಲ್ಲಿ ಆನೆ ಕುದುರೆಗಳೊಡನೆ ಆಡಿದ ‘ಕುರುಕ್ಷೇತ್ರ’ದ ಕೀರ್ತಿಯು, ಕಂಪನಿಗಳ ವೈಭವದ ದಿನಗಳು ಕಳೆದ ಮೇಲೂ ಹಳ್ಳಿಗಳಲ್ಲಿ ಆರಲಿಲ್ಲ. ಬೇಸಾಯಗಾರರು, ಅಂಗಡಿಯವರು, ಉಪಾಧ್ಯಾಯರು, ಸರ್ಕಾರಿ ನೌಕರರು ಒಟ್ಟುಗೂಡಿ, ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ರಾತ್ರಿಯ ಹೊತ್ತು ಪ್ರಾಕ್ಟೀಸು ನಡೆಸುವರು. ಪಾರ್ಟು ಹಿಡಿದವನಿಗೆ ಸಂಭಾವನೆಯಿಲ್ಲ. ಪಾರ್ಟಿಗೆ ತಕ್ಕಂತೆ ಅವನೇ ಹಣ ಕೊಡಬೇಕು. ಕೃಷ್ಣ, ದುರ್ಯೋಧನರ ಪಾರ್ಟುಗಳಿಗೆ ಹೆಚ್ಚು, ದ್ವಾರಪಾಲಕನಿಗೆ ಕಡಮೆ. ಸ್ತ್ರೀಪಾತ್ರಗಳಿಗೆ ಮಾತ್ರ ಪಟ್ಟಣಗಳಿಂದ ವೃತ್ತಿಯ ಕಲಾವಿದೆಯರನ್ನು ಹಣ ಕೊಟ್ಟು ಕರೆಸುವರು. ಆಕೆಯು ನಾಟಕದ ದಿನವೋ, ಅದಕ್ಕೆ ಸ್ವಲ್ಪ ಮುಂಚಿತವಾಗಿಯೋ ಬರುವಳು. ಒಂದೇ ಸುಗ್ಗಿಯಲ್ಲಿ ಊರೂರಿನ ಅಭಿಮನ್ಯುಗಳಿಗೆ ಆಕೆಯೇ ಉತ್ತರೆ. ಊರೂರಿನ ದುರ್ಯೋಧನರಿಗೆ ಆಕೆಯೇ ಭಾನುಮತಿ.

ಈ ಏರ್ಪಾಡಿನಲ್ಲಿ ಒಂದು ವೈಷಮ್ಯವುಂಟು. ಒಬ್ಬನು ಹಣ ಕೊಟ್ಟು ಪಾತ್ರ ವಹಿಸುವನು. ಇನ್ನೊಬ್ಬಳು ಹಣ ಪಡೆದು ಪಾತ್ರ ವಹಿಸುವಳು. ಅವನಿಗೆ ಅದು ವರ್ಷಕ್ಕೊಮ್ಮೆ ಬರುವ ಉತ್ಸವ. ಆಕೆಗೆ ಅದು ಮನೆಯ ಒಲೆ ಉರಿಯುವ ಉದ್ಯೋಗ. ಅವನು ತನ್ನ ಊರಿನಲ್ಲಿ, ತನ್ನವರ ನಡುವೆ ಇರುವನು. ಆಕೆಯು ಪರಸ್ಥಳದಲ್ಲಿ, ನಡುರಾತ್ರಿಯಲ್ಲಿ, ಅಪರಿಚಿತರ ನಡುವೆ ಇರುವಳು. ಪದ್ಯಕ್ಕೆ ‘ವನ್ಸ್ ಮೋರ್’ ಬಿದ್ದಾಗ ಹಿಡಿದ ಕೈಯನ್ನು ಬಿಡದಿರುವುದು, ಪುಸ್ತಕದಲ್ಲಿಲ್ಲದ ಆಲಿಂಗನವನ್ನು ಸೇರಿಸುವುದು, ಪ್ರೇಕ್ಷಕನೊಬ್ಬನು ನೋಟು ಸಿಕ್ಕಿಸುವ ನೆಪದಿಂದ ರಂಗಕ್ಕೇರಿ ಆಕೆಯ ಪಕ್ಕದಲ್ಲಿ ನಿಲ್ಲುವುದು, ನಾಟಕ ಮುಗಿದು ವಾರ ಕಳೆದರೂ ಫೋನಿನಲ್ಲಿ ‘ಭಾನುಮತಿ’ ಎಂದೇ ಕರೆಯುವುದು, ಇವೆಲ್ಲ ಈ ವೈಷಮ್ಯದಿಂದಲೇ ಹುಟ್ಟುವ ದೋಷಗಳು. ಎಲ್ಲರೂ ಹೀಗೆ ಮಾಡುವರೆಂದು ಹೇಳಲಾಗದು. ವೇಷಧಾರಿಯನ್ನು ಸಭೆಯ ಎದುರಿಗೇ ಗದರಿಸುವ ಮೇಷ್ಟ್ರೂ, ಕಲಾವಿದೆಯನ್ನು ‘ಅಕ್ಕ’, ‘ತಾಯಿ’ ಎಂದು ಕರೆದು ಮನೆಯ ಹೆಂಗಸರೊಡನೆ ಊಟಕ್ಕೆ ಕೂರಿಸುವ ಗೃಹಸ್ಥರೂ ಉಂಟು. ಆದರೆ ಒಳ್ಳೆಯವರ ಒಳ್ಳೆಯತನವನ್ನೇ ನಂಬಿ ನಡೆಯುವ ಏರ್ಪಾಡು ಏರ್ಪಾಡೆನಿಸದು.

ಮರ್ಯಾದೆಯೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಎಲ್ಲೆ, ಗಡಿ, ದಡ ಎಂಬುದೇ ಮೂಲಾರ್ಥ. ಸಮುದ್ರವು ಮರ್ಯಾದೆಯನ್ನು ಮೀರದು ಎಂದರೆ ದಡವನ್ನು ದಾಟದು ಎಂದೇ ಅಭಿಪ್ರಾಯ. ಕನ್ನಡದಲ್ಲಿ ಅದೇ ಶಬ್ದಕ್ಕೆ ಗೌರವವೆಂಬ ಅರ್ಥವೂ ಬಳಕೆಗೆ ಬಂದಿತು. ಈ ಎರಡರ್ಥಗಳೂ ಬೇರೆಬೇರೆಯಲ್ಲ. ಒಬ್ಬರ ಎಲ್ಲೆಯನ್ನು ತಿಳಿದು ನಡೆಯುವುದೇ ಅವರಿಗೆ ತೋರಿಸತಕ್ಕ ಗೌರವ. ರಂಗದ ಶೃಂಗಾರದಲ್ಲಿ ಈ ಮರ್ಯಾದೆಗೆ ಸ್ಥಾನವೇನೆಂಬುದನ್ನು ನಮ್ಮ ಪ್ರಾಚೀನರು ಹೇಗೆ ಕಂಡರೆಂಬುದನ್ನು ಮೊದಲು ನೋಡತಕ್ಕದ್ದು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಸಾಮಾನ್ಯಾಭಿನಯವನ್ನು ವಿವರಿಸುವಾಗ, ಶಯನ, ಚುಂಬನ, ಆಲಿಂಗನಾದಿಗಳನ್ನು ರಂಗದ ಮೇಲೆ ತೋರಿಸಕೂಡದೆಂದು ನಿಷೇಧಿಸಿರುವನು. ಇದಕ್ಕೆ ಆತನು ಕೊಡುವ ಕಾರಣ ಗಮನಾರ್ಹವಾಗಿದೆ: ನಾಟಕವನ್ನು ತಂದೆಮಕ್ಕಳು, ಅತ್ತೆಸೊಸೆಯರು ಒಟ್ಟಿಗೆ ಕುಳಿತು ನೋಡುವರು; ಅವರಿಗೆ ಸಂಕೋಚವಾಗಬಾರದು. ಎಂದರೆ ಭರತನ ಕಣ್ಣು ಪ್ರೇಕ್ಷಕರ ಕಡೆಗಿದೆ. ರಂಗದ ಮೇಲೆ ನಿಂತವಳಿಗೆ ಸಂಕೋಚವಾದೀತೇ ಎಂಬ ಪ್ರಶ್ನೆಯನ್ನು ಆ ಪ್ರಕರಣದಲ್ಲಿ ಆತನು ಎತ್ತಲಿಲ್ಲ. ಆದರೂ ಆ ನಿಯಮದ ಫಲವು ಆಕೆಗೂ ದೊರಕಿತು. ಮುಟ್ಟದೆ, ನೋಟದಿಂದಲೂ ಹಸ್ತದಿಂದಲೂ ಗತಿಯಿಂದಲೂ ಪ್ರಣಯವನ್ನು ಸೂಚಿಸುವ ವಿದ್ಯೆಯೊಂದು ಈ ನಿಷೇಧದ ನೆರಳಿನಲ್ಲಿಯೇ ಬೆಳೆಯಿತು.

ಮುಂದೆ ಬಂದ ಆಲಂಕಾರಿಕರು ಪ್ರಶ್ನೆಯನ್ನು ಇನ್ನೂ ಸೂಕ್ಷ್ಮವಾಗಿ ಪರಿಶೀಲಿಸಿದರು. ರಂಗದ ಮೇಲಣ ರಾಮನನ್ನು ಕಂಡಾಗ ಉಂಟಾಗುವ ‘ಇವನು ರಾಮ’ ಎಂಬ ಅರಿವು ನಿಜಜ್ಞಾನವೂ ಅಲ್ಲ, ಭ್ರಮೆಯೂ ಅಲ್ಲ, ಸಂಶಯವೂ ಅಲ್ಲ, ಹೋಲಿಕೆಯೂ ಅಲ್ಲ. ಚಿತ್ರದಲ್ಲಿನ ಕುದುರೆಯನ್ನು ಕುದುರೆಯೆನ್ನುವಂತೆ ವಿಲಕ್ಷಣವಾದುದು ಎಂದು ಶಂಕುಕನ ಮತ. ಗೋಡೆಯ ಮೇಲೆ ಬರೆದ ಕುದುರೆಯನ್ನು ಏರಹೊರಟವನು ಚಿತ್ರವನ್ನೂ ಕೆಡಿಸುವನು, ತಾನೂ ಬೀಳುವನು. ಅಭಿನವಗುಪ್ತನಾದರೋ ರಸಾಸ್ವಾದಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ, ‘ಇದು ನನ್ನದು’, ‘ಇದು ಅವನದು’ ಎಂಬ ವ್ಯಕ್ತಿಗತವಾದ ಆವೇಶವನ್ನು ಅವುಗಳಲ್ಲಿ ಸೇರಿಸಿರುವನು. ರತಿಯೆಂಬ ಭಾವವು ಯಾವನೋ ಒಬ್ಬನ ಸೊತ್ತಾಗಿ ಉಳಿಯದೆ ಸಾಧಾರಣೀಕರಣವನ್ನು ಹೊಂದಿದಾಗಲೇ ಸಭೆಯೆಲ್ಲವೂ ಅದನ್ನು ಸವಿಯಬಲ್ಲದು. ನಟನು ಕಾವ್ಯಾರ್ಥವನ್ನು ಭಾವಿಸಿ ತಾನೂ ಸಂತೋಷಪಡುವುದಕ್ಕೆ ಅಡ್ಡಿಯಿಲ್ಲವೆಂದು ದಶರೂಪಕಕಾರನಾದ ಧನಂಜಯನು ಅನುಮತಿ ಕೊಟ್ಟಿರುವನು. ಆದರೆ ಅದು ಸಹೃದಯನೊಬ್ಬನ ಸಂತೋಷ, ಪ್ರಣಯಿಯ ಅಧಿಕಾರವಲ್ಲ. ಆದಕಾರಣ ಹಿಡಿದ ಕೈಯನ್ನು ಬಿಡದ ದುರ್ಯೋಧನನು ಎರಡು ಅಪರಾಧಗಳನ್ನು ಒಮ್ಮೆಗೇ ಮಾಡುವನು. ಒಬ್ಬ ಹೆಂಗಸಿನ ಮರ್ಯಾದೆಯನ್ನು ದಾಟುವನು. ಸಭೆಗೆ ಸಲ್ಲಬೇಕಾದ ರಸವನ್ನು ತನ್ನ ಜೇಬಿಗೆ ಹಾಕಿಕೊಳ್ಳುವನು.

ಶಾಸ್ತ್ರಕ್ಕಿಂತಲೂ ಕವಿಗಳು ಈ ವಿಷಯವನ್ನು ಆಳವಾಗಿ ಬಲ್ಲರು. ಸಂಸ್ಕೃತದ ಮೂರು ನಾಟಕಗಳಲ್ಲಿ ಅಭಿನಯದ ಪ್ರಣಯವೂ ನಿಜದ ಪ್ರಣಯವೂ ಒಂದನ್ನೊಂದು ಕೂಡುವ ಸನ್ನಿವೇಶಗಳುಂಟು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಲ್ಲಿ ಮೂರು ಬಗೆಯ ಎಲ್ಲೆಗಳು ಕಾಣುವುವು.

ಮೊದಲನೆಯದು ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’. ಅದರ ಎರಡನೆಯ ಅಂಕದಲ್ಲಿ ನಾಟ್ಯಾಚಾರ್ಯ ಗಣದಾಸನ ಶಿಷ್ಯೆಯಾದ ಮಾಲವಿಕೆಯು ಶರ್ಮಿಷ್ಠೆಯ ಕೃತಿಯೊಂದನ್ನು ಹಾಡಿ ಅಭಿನಯಿಸುವಳು. ದೊರಕದ ಪ್ರಿಯನನ್ನು ಹಂಬಲಿಸುವ ಆ ಹಾಡು ತನ್ನನ್ನೇ ಉದ್ದೇಶಿಸಿದುದೆಂದು ಅಗ್ನಿಮಿತ್ರನು ತಿಳಿಯುವನು. ಅವನ ಊಹೆ ತಪ್ಪಲ್ಲ. ಆದರೂ ಮಾಲವಿಕೆಯು ಹಾಡಿನಲ್ಲಿಲ್ಲದ ಒಂದು ಮಾತನ್ನೂ ಆಡಲಿಲ್ಲ, ಒಂದು ಹೆಜ್ಜೆಯನ್ನೂ ಹೆಚ್ಚಾಗಿ ಇಡಲಿಲ್ಲ. ಹೃದಯದಲ್ಲಿದ್ದುದು ಕೃತಿಯ ಪಾತ್ರೆಯೊಳಗೇ ಉಳಿಯಿತು. ತೀರ್ಪು ಹೇಳಲು ಕುಳಿತ ಪರಿವ್ರಾಜಿಕೆಯೂ ಅಭಿನಯದಲ್ಲಿ ದೋಷ ಕಾಣಲಿಲ್ಲ. ಭಾವವು ನಿಜವಾಗಿದ್ದರೂ ಎಲ್ಲೆ ಉಳಿಯಬಹುದೆಂಬುದಕ್ಕೆ ಇದು ಉದಾಹರಣೆ.

ಎರಡನೆಯದು ಅದೇ ಕವಿಯ ‘ವಿಕ್ರಮೋರ್ವಶೀಯ’. ದೇವಲೋಕದಲ್ಲಿ ಭರತಮುನಿಯು ಆಡಿಸಿದ ಲಕ್ಷ್ಮೀಸ್ವಯಂವರ ನಾಟಕದಲ್ಲಿ ಊರ್ವಶಿಯು ಲಕ್ಷ್ಮಿ, ಮೇನಕೆಯು ವಾರುಣಿ. ನಿನ್ನ ಮನಸ್ಸು ಯಾರಲ್ಲಿದೆಯೆಂದು ವಾರುಣಿ ಕೇಳಿದಾಗ ಪುರುಷೋತ್ತಮನಲ್ಲಿ ಎನ್ನಬೇಕಾದ ಊರ್ವಶಿಯು ಪುರೂರವನಲ್ಲಿ ಎಂದುಬಿಡುವಳು. ಒಂದು ಹೆಸರಿನ ತಪ್ಪಿನಿಂದ ನಾಟಕವು ಒಡೆಯಿತು, ಗುರುವು ಶಪಿಸಿದನು. ಇಲ್ಲಿ ಯಾರಿಗೂ ಯಾರೂ ಬಲಾತ್ಕಾರ ಮಾಡಲಿಲ್ಲ, ಯಾರೂ ಯಾರನ್ನೂ ವಂಚಿಸಲಿಲ್ಲ. ಪಾತ್ರದ ಬಾಯಿಂದ ಪಾತ್ರಧಾರಿಯು ಮಾತಾಡಿದಳು, ಅಷ್ಟೇ. ಇದು ಪ್ರಮಾದ; ಇದರಿಂದ ಕೆಟ್ಟದ್ದು ನಾಟಕ ಮಾತ್ರ.

ಮೂರನೆಯದು ಶ್ರೀಹರ್ಷನ ‘ಪ್ರಿಯದರ್ಶಿಕಾ’. ವತ್ಸರಾಜ ಉದಯನನೂ ವಾಸವದತ್ತೆಯೂ ಪ್ರೇಮಿಸಿದ ಕಥೆಯನ್ನು ಸಾಂಕೃತ್ಯಾಯನಿಯು ನಾಟಕವಾಗಿ ರಚಿಸಿರುವಳು. ರಾಣಿ ವಾಸವದತ್ತೆಯ ಮುಂದೆಯೇ ಅದರ ಪ್ರಯೋಗ. ಆರಣ್ಯಕೆಯೆಂಬ ಹೆಸರಿನಿಂದ ಅಂತಃಪುರದಲ್ಲಿರುವ ಪ್ರಿಯದರ್ಶಿಕೆಯು ವಾಸವದತ್ತೆಯ ಪಾತ್ರ ವಹಿಸುವಳು. ವತ್ಸರಾಜನ ಪಾತ್ರಕ್ಕೆ ಸಖಿ ಮನೋರಮೆ ಗೊತ್ತಾಗಿರುವಳು. ಆದರೆ ವಿದೂಷಕನೂ ಮನೋರಮೆಯೂ ಸಂಚು ಮಾಡಿ, ರಾಜನನ್ನೇ ಅವನ ಪಾತ್ರದಲ್ಲಿ ರಂಗಕ್ಕೆ ಕಳುಹಿಸುವರು. ಆರಣ್ಯಕೆಯು ತನ್ನ ಕೈ ಹಿಡಿದವಳು ಮನೋರಮೆಯೆಂದೇ ನಂಬಿ, ಈ ಸ್ಪರ್ಶದಿಂದ ತನಗೇಕೆ ಹೀಗಾಗುತ್ತಿದೆಯೆಂದು ತಬ್ಬಿಬ್ಬಾಗುವಳು. ನೋಡುತ್ತಿದ್ದ ರಾಣಿಗೆ ಅಸಹನೆಯಾಗುವುದು. ಇದು ನಾಟಕವಲ್ಲವೇ, ಗಾಂಧರ್ವ ವಿವಾಹವು ಶಾಸ್ತ್ರಸಮ್ಮತವಲ್ಲವೇ ಎಂದು ಸಾಂಕೃತ್ಯಾಯನಿಯು ಸಮಾಧಾನ ಹೇಳುವಳು. ಕೊನೆಗೆ ನಿದ್ದೆಗಣ್ಣಿನ ವಿದೂಷಕನ ಬಾಯಿಂದಲೇ ಗುಟ್ಟು ಹೊರಬೀಳುವುದು.

ಈ ಪ್ರಸಂಗವನ್ನು ವಿನೋದವೆಂದು ಓದಿ ನಕ್ಕು ಮುಂದೆ ಹೋಗುವುದು ವಾಡಿಕೆ. ಶ್ರೀಹರ್ಷನ ಕೌಶಲಕ್ಕೆ ಮೆಚ್ಚತಕ್ಕದ್ದೇ ಸರಿ. ಆದರೆ ವಿನೋದದ ಕೆಳಗೆ ಇರುವುದೇನೆಂಬುದನ್ನು ವಿಮರ್ಶಕನು ಹೇಳಲೇಬೇಕು. ಆರಣ್ಯಕೆಯು ಸಖಿಯೊಡನೆ ಪ್ರಣಯವನ್ನು ಅಭಿನಯಿಸಲು ಒಪ್ಪಿದ್ದಳು. ರಾಜನೊಡನೆ ಅಭಿನಯಿಸಲು ಒಪ್ಪಿರಲಿಲ್ಲ, ಏಕೆಂದರೆ ಯಾರೂ ಅವಳನ್ನು ಕೇಳಲೇ ಇಲ್ಲ. ಅವಳು ಮೊದಲೇ ರಾಜನಲ್ಲಿ ಅನುರಕ್ತಳಾಗಿದ್ದಳೆಂಬ ಸಮಾಧಾನವು ಸಾಲದು. ಅನುರಾಗವುಂಟೆಂದ ಮಾತ್ರಕ್ಕೆ ಒಪ್ಪಿಗೆಯನ್ನು ಊಹಿಸಿಕೊಳ್ಳಬಾರದು. ಊರ್ವಶಿಯ ತಪ್ಪು ಪ್ರಮಾದ. ಉದಯನನ ತಪ್ಪು ವಂಚನೆ. ವೇಷವನ್ನು ಮುಂದಿಟ್ಟುಕೊಂಡು ಮನುಷ್ಯನು ತನ್ನ ಕೈಯನ್ನು ಚಾಚಿದನು. ಸಾಂಕೃತ್ಯಾಯನಿಯ ‘ಇದು ನಾಟಕವಲ್ಲವೇ’ ಎಂಬ ಮಾತು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಇಂಥ ಕೈಗಳಿಗೆ ಮರೆಯಾಗಿ ಬಂದಿದೆ.

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಈ ಮೂರು ನಾಟಕಗಳಲ್ಲಿ ಶಿಕ್ಷೆ ಯಾರಿಗಾಯಿತು? ಶಾಪ ತಟ್ಟಿದುದು ಊರ್ವಶಿಗೆ. ನೃತ್ಯದ ತರುವಾಯ ರಾಜನ ಅನುರಾಗವು ಬಯಲಾದಾಗ ನೆಲಮನೆಯ ಸೆರೆ ದೊರೆತುದು ಮಾಲವಿಕೆಗೂ ಅವಳ ಸಖಿಗೂ. ಪ್ರಿಯದರ್ಶಿಕಾ ನಾಟಕದಲ್ಲಿ ವಿದೂಷಕನೂ ಕಟ್ಟುಬೀಳುವನು. ಆದರೆ ಮುಂದಿನ ಅಂಕದಲ್ಲಿ ಅವನು ರಾಜನ ಪಕ್ಕದಲ್ಲಿರುವನು, ಆರಣ್ಯಕೆಯು ಸೆರೆಯಲ್ಲಿ ವಿಷ ಕುಡಿಯುವಳು. ಸಂಚಿನ ಫಲವನ್ನುಂಡ ರಾಜನಿಗೆ ರಾಣಿಯ ಮುನಿಸಲ್ಲದೆ ಬೇರೆ ದಂಡವಿಲ್ಲ. ಮೂರು ಕಥೆಗಳೂ ಮಂಗಳವಾಗಿ ಮುಗಿಯುವುವು; ಆದುದರಿಂದ ಈ ಅನ್ಯಾಯವು ಕಣ್ಣಿಗೆ ಬೀಳದೆ ಹೋಗುವುದು. ಹಳ್ಳಿಯ ಅರಳಿಕಟ್ಟೆಯ ನ್ಯಾಯವೂ ಬಹುಮಟ್ಟಿಗೆ ಇದೇ. ಎಲ್ಲೆ ಮೀರಿದವನು ‘ಪಾರ್ಟಿನಲ್ಲಿ ಮೈಮರೆತ’ನೆಂದು ಹೊಗಳಿಸಿಕೊಳ್ಳುವನು, ಕೈ ಕೊಸರಿಕೊಂಡವಳು ‘ಜಂಬದವಳು’, ಕೊಸರದವಳು ‘ಅಂಥವಳು’. ಎರಡು ಮಾತಿಗೂ ನಡುವೆ ಆಕೆಗೆ ನಿಲ್ಲಲು ನೆಲವಿಲ್ಲ. ಮುಂದಿನ ವರ್ಷ ಕರೆ ಬರದೆ ಹೋಗುವುದು ಆಕೆಗೇ.

ಇಲ್ಲಿ ಆಕ್ಷೇಪವೊಂದು ಏಳಬಹುದು. ಅಳೆದು ಸುರಿದು ಅಭಿನಯಿಸಿದರೆ ತನ್ಮಯತೆಯೆಲ್ಲಿ? ಎಲ್ಲೆಗಳನ್ನು ಎಣಿಸುತ್ತಾ ಕುಳಿತವನಿಗೆ ಶೃಂಗಾರವು ಸಿದ್ಧಿಸೀತೇ? ಇದಕ್ಕೆ ರಂಗಭೂಮಿಯ ಇತಿಹಾಸವೇ ಉತ್ತರ ಕೊಡುವುದು. ಗಂಡಸರೇ ಹೆಣ್ಣಿನ ಪಾತ್ರ ವಹಿಸುತ್ತಿದ್ದ ಕಾಲದಲ್ಲಿ ಶೃಂಗಾರವು ಬಡವಾಗಿರಲಿಲ್ಲ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಸೀರೆಯುಟ್ಟ ರೀತಿಯನ್ನು ಕುಲಸ್ತ್ರೀಯರು ಅನುಕರಿಸುತ್ತಿದ್ದರು. ಗಂಡಸು ಹೆಣ್ಣಾಗಿ, ಹೆಣ್ಣು ಗಂಡಸಾಗಿ ಅಭಿನಯಿಸುವುದನ್ನು ಭರತನೇ ಪ್ರಕೃತಿಗಳ ಮೂರು ಬಗೆಗಳಲ್ಲಿ ಒಂದಾಗಿ ಎಣಿಸಿರುವನು. ಯಕ್ಷಗಾನದ ಸ್ತ್ರೀವೇಷವು ಇಂದಿಗೂ ಇದಕ್ಕೆ ಸಾಕ್ಷಿ. ಅಲ್ಲೆಲ್ಲ ಪ್ರಣಯವು ಪಾತ್ರಗಳ ನಡುವೆ ಪೂರ್ಣವಾಗಿರುವುದು; ವ್ಯಕ್ತಿಗಳ ನಡುವೆ ಅದರ ಸೋಂಕೂ ಇರಬೇಕಾಗಿಲ್ಲ.

ಎಲ್ಲೆಯಿದ್ದರೆ ಸಾಮೀಪ್ಯ ಕೆಡುವುದೆಂಬ ಮಾತನ್ನು ಕೊಕ್ಕರೆ ಬೆಳ್ಳೂರಿನವರಾದರೂ ನಂಬಲಾರರು. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಅಲ್ಲಿ ಗೂಡು ಕಟ್ಟುವುದು ದೂರದ ಕಾಡಿನಲ್ಲಿ ಅಲ್ಲ. ಊರೊಳಗಿನ, ಹಿತ್ತಿಲಿನ ಹುಣಿಸೆಮರಗಳಲ್ಲಿ. ಕೆಳಗೆ ಮಕ್ಕಳು ಆಡುವರು, ದನ ಕಟ್ಟುವರು, ರಾಗಿ ಒಣಗಹಾಕುವರು. ಮೇಲೆ ಮರಿಗಳು ಬೆಳೆಯುವುವು. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದು ಹಕ್ಕಿಗಳನ್ನು ಭಾವಿಸುವ ಊರು ಅದು. 2007ರಲ್ಲಿ ಸರ್ಕಾರವು ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರುವುದಕ್ಕೆ ಬಹು ಹಿಂದಿನಿಂದಲೂ ಗೂಡಿಗೆ ಕೈಯಿಕ್ಕಬಾರದೆಂಬ ಕಟ್ಟಳೆಯನ್ನು ಊರೇ ಪಾಲಿಸಿಕೊಂಡು ಬಂದಿತು. ಮುಟ್ಟಲಾರರೆಂಬ ನಂಬಿಕೆಯಿಂದಲೇ ಹಕ್ಕಿ ಅಷ್ಟು ಹತ್ತಿರ ಬರುವುದು. ರಂಗದ ಮೇಲೂ ಹಾಗೆಯೇ. ತನ್ನ ಎಲ್ಲೆ ಭದ್ರವಾಗಿದೆಯೆಂದು ಬಲ್ಲ ಕಲಾವಿದೆಯು ಧೈರ್ಯವಾಗಿ ಭಾನುಮತಿಯಾಗುವಳು. ಬಲ್ಲದವಳು ಅರ್ಧ ಮನಸ್ಸನ್ನು ಪಕ್ಕದವನ ಕೈಯ ಮೇಲಿಟ್ಟು ಉಳಿದರ್ಧದಿಂದ ಹಾಡುವಳು.

ಹಾಗಾದರೆ ಎಲ್ಲೆಯನ್ನು ಕಾಯತಕ್ಕವರು ಯಾರು? ಭವಭೂತಿಯ ‘ಉತ್ತರರಾಮಚರಿತ’ದ ಏಳನೆಯ ಅಂಕದಲ್ಲಿ ಸೀತೆಯ ಕಥೆಯನ್ನು ನಾಟಕವಾಗಿ ನೋಡುತ್ತಿರುವ ಶ್ರೀರಾಮನು ಅದು ನಾಟಕವೆಂಬುದನ್ನೇ ಮರೆತು ವ್ಯಾಕುಲನಾಗುವನು, ಪಕ್ಕದಲ್ಲಿದ್ದ ಲಕ್ಷ್ಮಣನು ಇದು ನಾಟಕವೆಂದು ನೆನಪಿಸುವನು. ಮರೆವು ರಾಮನಿಗೇ ಬಂದೀತಾದರೆ ಊರ ಅಭಿಮನ್ಯುವಿನ ಮಾತೇನು? ಎಲ್ಲ ಮರೆವನ್ನೂ ಪಾಪವೆನ್ನಬೇಕಾಗಿಲ್ಲ. ನೆನಪಿಸುವ ಲಕ್ಷ್ಮಣನಿಲ್ಲದಿರುವುದೇ ದೊಡ್ಡ ಕೊರತೆ. ಹಳ್ಳಿಯ ನಾಟಕದಲ್ಲಿ ಆ ಸ್ಥಾನವು ಮೇಷ್ಟ್ರದು. ರಾಗ ತಪ್ಪಿದರೆ ಹಾರ್ಮೋನಿಯಂ ನಿಲ್ಲಿಸಿ ತಿದ್ದುವವರು, ಕೈ ತಪ್ಪಿದಾಗಲೂ ಅದೇ ನಿಷ್ಠುರತೆಯಿಂದ ತಿದ್ದತಕ್ಕದ್ದು.

ಇಂದಿನ ಸಿನಿಮಾ ಪ್ರಪಂಚವು ಅನೇಕ ನೋವುಗಳ ತರುವಾಯ ಇದನ್ನು ಕಲಿಯುತ್ತಿದೆ. ಪ್ರಣಯದೃಶ್ಯದ ಪ್ರತಿಯೊಂದು ಸ್ಪರ್ಶವನ್ನೂ ಮೊದಲೇ ಇಬ್ಬರ ಒಪ್ಪಿಗೆಯಿಂದ ಗೊತ್ತುಮಾಡಿ ನಡೆಸಲು ಪ್ರತ್ಯೇಕವಾಗಿ ಒಬ್ಬರನ್ನು ನೇಮಿಸುವ ಪದ್ಧತಿಯು 2018ರಿಂದೀಚೆಗೆ ಅಮೆರಿಕದಲ್ಲಿ ಬೇರೂರಿ ಭಾರತಕ್ಕೂ ಬಂದಿದೆ. ಮಲಯಾಳ ಚಿತ್ರರಂಗದ ಹೆಂಗಸರ ಸ್ಥಿತಿಯನ್ನು ಪರಿಶೀಲಿಸಲು ಕೇರಳ ಸರ್ಕಾರವು 2017ರಲ್ಲಿ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯು 2019ರಲ್ಲಿ ವರದಿ ಒಪ್ಪಿಸಿತು. ಅದು ಜನರ ಕಣ್ಣಿಗೆ ಬಿದ್ದುದು 2024ರಲ್ಲಿ. ಉದ್ಯೋಗಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕೇಂದ್ರ ಕಾನೂನು ತಾತ್ಕಾಲಿಕವಾಗಿ, ದಿನಗೂಲಿಯಾಗಿ ದುಡಿಯುವ ಹೆಂಗಸರನ್ನೂ ಒಳಗೊಳ್ಳುವುದು. ಹತ್ತಕ್ಕಿಂತ ಕಡಮೆ ಜನರಿರುವ ಕೆಲಸದೆಡೆಗಳವರ ದೂರಿಗಾಗಿ ಜಿಲ್ಲೆಗೊಂದು ಸಮಿತಿಯನ್ನೂ ವಿಧಿಸಿದೆ. ಒಂದು ರಾತ್ರಿಯ ಮಟ್ಟಿಗೆ ಬಂದ ಭಾನುಮತಿಯೂ ಉದ್ಯೋಗಸ್ಥಳೇ ಎಂಬುದನ್ನು ಊರಿನ ಮಂಡಳಿಗಳು ಮರೆಯಬಾರದು.

ಈ ವಿಚಾರವು ರಂಗಮಂಟಪಕ್ಕೆ ಮಾತ್ರ ಸೇರಿದುದೆಂದು ವಿದ್ಯಾವಂತ ಕುಟುಂಬಗಳವರು ಸುಮ್ಮನಿರುವಂತೆಯೂ ಇಲ್ಲ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಿಂದ ಪಾತ್ರ ವಹಿಸಿ ಕಥೆ ಹೆಣೆಯುವ ವಿನೋದವು ಲೋಕದಲ್ಲಿ ಹಬ್ಬಿತು. ಇಂದು ತರುಣತರುಣಿಯರು ಮನೆಯ ಮೂಲೆಯಲ್ಲಿ ಕುಳಿತು, ಮುಖ ಕಾಣದ ದೂರದವರೊಡನೆ, ಒಬ್ಬರು ರಾಜಕುಮಾರನಾಗಿ ಒಬ್ಬರು ವನದೇವಿಯಾಗಿ, ಬರೆಹದಲ್ಲಿಯೇ ಪ್ರಣಯಕಥೆಗಳನ್ನು ಆಡುವುದುಂಟು. ಪಾತ್ರದ ಭಾವವು ಆಟಗಾರನೊಳಗೆ ಇಳಿಯುವುದಕ್ಕೆ ಆ ಆಟದವರು ‘ಬ್ಲೀಡ್’ ಎಂದು ಹೆಸರಿಟ್ಟಿರುವರು. ಬಣ್ಣದ ಬಟ್ಟೆಯಿಂದ ಪಕ್ಕದ ಬಟ್ಟೆಗೆ ಬಣ್ಣ ಇಳಿಯುವಂತೆ ಎಂದು ತಿಳಿಯಬಹುದು. ಊರ್ವಶಿಯ ನಾಲಗೆಯಲ್ಲಿ ನಡೆದುದೂ ಇಂಥದೇ ಬೆರಕೆ; ಅಲ್ಲಿ ನಟಿಯ ಭಾವವು ಪಾತ್ರಕ್ಕೆ ಇಳಿಯಿತು. ಆಟ ಬೇಡವೆನಿಸಿದವರು ಕಾರಣ ಹೇಳದೆಯೇ ಮುಟ್ಟಿ ದೃಶ್ಯವನ್ನು ನಿಲ್ಲಿಸಬಹುದಾದ ‘ಎಕ್ಸ್ ಕಾರ್ಡ್’ ಎಂಬ ಚೀಟಿಯನ್ನೂ ಮೇಜಿನ ಸುತ್ತ ಕುಳಿತು ಆಡುವವರು ಬಳಕೆಗೆ ತಂದಿರುವರು. ಇದು ವಿವೇಕದ ಏರ್ಪಾಡು. ಏಕೆಂದರೆ ಇಬ್ಬರೇ ಬರೆದಾಡುವಲ್ಲಿ ಮೇಷ್ಟ್ರಿಲ್ಲ, ಸಭೆಯಿಲ್ಲ, ಲಕ್ಷ್ಮಣನಿಲ್ಲ. ಎದುರಿಗಿರುವುದು ಮನೋರಮೆಯೋ ಉದಯನನೋ ಎಂಬುದೂ ತಿಳಿಯದು. ಅಲ್ಲಿ ಇಬ್ಬರೂ ತಮತಮಗೆ ಲಕ್ಷ್ಮಣರಾಗಬೇಕು. ಬೇಡವೆಂದವರನ್ನು ಏಕೆಂದು ಪೀಡಿಸದಿರುವುದನ್ನು ಹಿರಿಯರು ಮಕ್ಕಳಿಗೆ ಕಲಿಸಿದರೆ, ಆಟವನ್ನು ನಿಷೇಧಿಸುವುದಕ್ಕಿಂತ ಹೆಚ್ಚಿನ ಉಪಕಾರವಾದೀತು.

ಊರಿನ ನಾಟಕಕ್ಕೆ ಬೇಕಾದುದು ಇಷ್ಟೇ. ಪಾರ್ಟು ಹಂಚುವ ದಿನವೇ ಪ್ರಣಯದೃಶ್ಯಗಳಲ್ಲಿ ಯಾವ ಸ್ಪರ್ಶವುಂಟು, ಯಾವುದಿಲ್ಲವೆಂಬುದನ್ನು ಮೇಷ್ಟ್ರು ಪಾತ್ರಧಾರಿಗಳಿಗೆ ತಿಳಿಸಲಿ. ಕಲಾವಿದೆ ಬಂದೊಡನೆ ಮೊದಲು ಆಕೆಯನ್ನು ಕೇಳಿ, ಆಕೆ ಬೇಡವೆಂದುದನ್ನು ಕೈಬಿಡಲಿ. ನೋಟು ಕೊಡುವವರು ಮಂಡಳಿಯವರ ಕೈಗೆ ಕೊಡಲಿ. ಆಕೆಗೆ ಬಾಗಿಲಿರುವ ಬಣ್ಣದ ಮನೆಯೂ, ಬೆಳಗಾಗುವ ಮುನ್ನ ಊರಿಗೆ ತಲಪಿಸುವ ನಂಬಿಕೆಯ ಜೊತೆಯೂ ದೊರೆಯಲಿ. ನಾಂದಿಯಿಂದ ಹುಟ್ಟಿದ ಭಾನುಮತಿಯು ಮಂಗಳದ ಹಾಡಿನೊಡನೆ ಇಲ್ಲವಾಗುವಳು. ಆಮೇಲೆ ಬಣ್ಣ ತೊಳೆದುಕೊಂಡು ಹೊರಗೆ ಬರುವವಳು ಬೇರೊಬ್ಬಳು; ಆಕೆಗೆ ಬೇರೆ ಹೆಸರಿದೆ, ಆಕೆಯನ್ನು ಆ ಹೆಸರಿನಿಂದಲೇ ಕರೆಯತಕ್ಕದ್ದು.